ಹೊಳೆ ಕಡೆಯ ಗೋಡೆ

ಪ್ರತಿ ಅಮಾವಾಸ್ಯೆಗೆ ನನ್ನ ಹೆಂಡತಿ ತಲೆಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ಆಕೆಗೆ ಕೈ ಎಟುಕುತ್ತಿರಲಿಲ್ಲ, ಸ್ಟೂಲು ಹಿಡಿದು ನಿಲ್ಲುವುದು ನನ್ನ ಕೆಲಸ. ನಿಂತಷ್ಟು ಹೊತ್ತೂ ನಗುತ್ತಿದ್ದೆ. "ದೆವ್ವಕ್ಕ ಉಪ್ಪಿನಕಾಯಿ ಹಾಕಿ ಕೊಡಾಕತ್ತೀಯೇನು" ಎಂದು ಕೇಳಿದರೆ, "ಸುಮ್ಮನ ಸ್ಟೂಲು ಹಿಡೀರಿ, ನಾ ಬಿದ್ರ ನಿಮಗ ಬುತ್ತಿ ಕಟ್ಟೋರು ಯಾರು" ಎನ್ನುತ್ತಿದ್ದಳು. ದೆವ್ವ, ಗಾಳಿ, ಸೂಚನೆ ಇವುಗಳಲ್ಲಿ ಯಾವುದನ್ನೂ ನಾನು ನಂಬಿದವನಲ್ಲ. ಈಗ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನುವ ಧೈರ್ಯ ಇಲ್ಲ, ಇಲ್ಲ ಎನ್ನುವ ಧೈರ್ಯವೂ ಇಲ್ಲ. ಕೆಲವು ವರ್ಷಗಳ ಹಿಂದೆ, ಹಾಡುಹಗಲಿನಲ್ಲಿ, ಕಂಪ್ಲಿಯ ಹತ್ತಿರದ ಒಂದು ಊರಿನಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಮತ್ತು ಆಮೇಲೆ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದನ್ನು ನೀವು ನಂಬದಿದ್ದರೂ ನಡೆಯುತ್ತದೆ. ಎರಡನೆಯದನ್ನು ನಂಬಬೇಕು.

ನಾನು ಹೈಸ್ಕೂಲಿಗೇ ಓದು ನಿಲ್ಲಿಸಿದವನು. ಟಿ.ಬಿ. ಡ್ಯಾಂ ಕಡೆ ಕಾಲುವೆ ಕೆಲಸಗಳಲ್ಲಿ ಮೇಸ್ತ್ರಿಗಳ ಮೇಲೆ ಕಣ್ಣಿಡುವ ನೌಕರಿ ಮಾಡಿ ನಿವೃತ್ತನಾದೆ. ಆಮೇಲೆ ಹೊಸಪೇಟೆಯ ಒಬ್ಬ ಎಂಜಿನಿಯರ್ ನನ್ನನ್ನು ಜೊತೆಗೆ ಸೇರಿಸಿಕೊಂಡರು. ಬ್ಯಾಂಕಿನ ಸಾಲಕ್ಕೆ ಮನೆ ಒತ್ತೆ ಇಡುವವರು ಬಂದರೆ ಆ ಮನೆ ಎಷ್ಟು ಬಾಳುತ್ತದೆ ಎಂದು ಅಂದಾಜು ಮಾಡುವುದು ಅವರ ಕಸುಬು. ಅವರಿಗೆ ಮೊಣಕಾಲು ನೋವು. ಹಾಗಾಗಿ ಮೊಪೆಡ್ ಏರಿ ಊರೂರಿಗೆ ಹೋಗಿ ನೋಡಿ ಬರುವವನು ನಾನೇ.

ಹೊರಗೆ ನಿಂತು ಮನೆ ನೋಡುವುದರಲ್ಲಿ ನನಗೆ ಹೆಸರಿತ್ತು. ಸಂಡೂರು, ಗಾದಿಗನೂರಿನ ಕಡೆ ಅದಿರು ಲಾರಿಗಳ ಕೆಂಪು ಧೂಳು ಎಲ್ಲ ಗೋಡೆಗಳ ಮೇಲೂ ಕೂರುತ್ತದೆ. ಬಿರುಕಿನೊಳಗೂ ಆ ಧೂಳು ತುಂಬಿಕೊಂಡಿದ್ದರೆ ಅದು ಹಳೆಯ ಬಿರುಕು, ಗೋಡೆ ಅಲ್ಲಿಗೇ ನಿಂತಿದೆ ಎಂದು ಅರ್ಥ. ಬಿರುಕಿನ ಬಾಯಿ ಬೆಳ್ಳಗಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಕಮಲಾಪುರದಲ್ಲಿ ಕಾಲುವೆ ಪಕ್ಕದ ಮನೆಗಳಾದರೆ ಬುಡದಿಂದ ಎಷ್ಟು ಎತ್ತರದವರೆಗೆ ಸುಣ್ಣ ಉಬ್ಬಿ ಉದುರಿದೆ ಎಂದು ನೋಡಿದರೆ ಸಾಕು. ಮನೆಯವರು ಚಹಾಕ್ಕೆ ಕರೆಯುವ ಮೊದಲೇ ನನ್ನ ಕೆಲಸ ಮುಗಿದಿರುತ್ತಿತ್ತು. "ನೀವು ಮಾರಿ ನೋಡಿ ಹೊಟ್ಟಿಬ್ಯಾನಿ ಹೇಳೋ ಪೈಕಿ ಬಿಡ್ರಿ" ಎಂದು ಎಂಜಿನಿಯರ್ ನಗುತ್ತಿದ್ದರು. ಮುಖ ನೋಡಿಯೇ ಹೊಟ್ಟೆನೋವು ಹೇಳುವವನು ಎಂಬ ಆ ಮಾತು ನನ್ನ ತಲೆಗೇರಿತ್ತು. ಒಳಗೆ ಹೋಗಿ ನೋಡುವುದು ಕಣ್ಣು ಪಳಗದವರ ಕೆಲಸ ಎಂದು ತಿಳಿದುಬಿಟ್ಟಿದ್ದೆ.

ಆ ವರ್ಷ ಮಳೆ ಭಾಳ ಆಯಿತು. ಡ್ಯಾಂ ತುಂಬಿ ಹೊಳೆಗೆ ನೀರು ಬಿಟ್ಟರು. ಕಂಪ್ಲಿಯ ಸೇತುವೆ ಮುಳುಗಿತು, ದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಮನೆಗಳನ್ನು ನೋಡಿ ಹೇಳುವವರು ಬೇಕಾಗಿದ್ದರು. ಆಳು ಸಾಲದೆ ತಾಲ್ಲೂಕು ಕಚೇರಿಯವರು ನನ್ನಂಥ ನಿವೃತ್ತರನ್ನೂ ಕರೆದರು. ನನ್ನ ಪಾಲಿಗೆ ಬಂದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಳೆಗೆ ಬೆನ್ನು ಮಾಡಿ ಕೂತ ಒಂದು ಓಣಿ, ಕಲ್ಲು ಮಣ್ಣಿನ ಹಳೆಯ ಮನೆಗಳು. ಆ ಓಣಿಯವರೆಲ್ಲ ಊರಿನ ಶಾಲೆಯಲ್ಲಿ ಇದ್ದರು. ಶಾಲೆ ಮತ್ತೆ ಶುರುವಾಗಬೇಕಿತ್ತು. ನಾನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿದರೆ ಆ ಮನೆಯವರು ಗಂಟುಮೂಟೆ ಕಟ್ಟಿಕೊಂಡು ತಿರುಗಿ ಬರಬೇಕು. ಇಂಟು ಗುರುತು ಹಾಕಿದರೆ ಶಾಲೆಯಲ್ಲೇ ಇರಬಹುದು. ಪ್ರತಿ ಮನೆಯನ್ನೂ ಒಳಗೆ ಹೋಗಿ ನೋಡಿಯೇ ಗುರುತು ಹಾಕಬೇಕೆಂದು ನಮಗೆ ಸ್ಪಷ್ಟವಾಗಿ ಹೇಳಿದ್ದರು. ಇಂಟು ಹಾಕಿದರೆ ಕಾರಣ ಹೇಳಬೇಕಿತ್ತು. ಸರಿ ಹಾಕಿದರೆ ಯಾವ ಕಾರಣವೂ ಬೇಕಿರಲಿಲ್ಲ.

ಹೊಳೆದಂಡೆಯ ಜನಕ್ಕೆ ಇದರಲ್ಲಿ ತಮ್ಮದೇ ಒಂದು ರೂಢಿ ಉಂಟು. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳುವುದಕ್ಕಿಂತ ನೀರು ಇಳಿದು ಒಣಗುವಾಗ ಬೀಳುವುದು ಹೆಚ್ಚು. ಅದಕ್ಕೆ ಮನೆಯ ಹಿರಿಯ ಹೆಂಗಸು ಅಂಗೈಯಲ್ಲಿ ಹಿಡಿಸುವಂಥ ಹೊಳೆಗಲ್ಲು ಹಿಡಿದು ಒಳಗಿನಿಂದ ಗೋಡೆಯ ಉದ್ದಕ್ಕೂ ಬಡಿಯುತ್ತಾ ಹೋಗುತ್ತಾಳೆ. ಒಣಗಿದ ಕಡೆ ಟಕ್ ಎಂದು ಗಟ್ಟಿ ಸದ್ದು ಬರುತ್ತದೆ. ಹಸಿ ಇರುವ ಕಡೆ ಗೋಡೆ ಸದ್ದನ್ನು ನುಂಗಿಕೊಂಡು ದಬ್ ಎನ್ನುತ್ತದೆ. ದಬ್ ಎನ್ನುತ್ತಿರುವಷ್ಟು ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಕಾಲುವೆಯ ಕೆಲಸದಲ್ಲಿ ಬೆಳೆದ ನನಗೆ ಆ ಎರಡು ಸದ್ದುಗಳ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಜೊತೆಗೆ ಊರ ತಳವಾರ ಈರಪ್ಪ ಇದ್ದ. ಮಧ್ಯಾಹ್ನದ ಹೊತ್ತಿಗೆ ಓಣಿಯ ಕೊನೆಯ ಮನೆಗೆ ಬಂದೆವು. ಅದು ಹುಲಿಗೆವ್ವ ಎಂಬ ಮುದುಕಿಯದು. ಮಗ ಹಂಪಣ್ಣ ಭತ್ತದ ಗಿರಣಿಯಲ್ಲಿ ಹಮಾಲಿ. ಮನೆಯಲ್ಲಿ ಇಬ್ಬರೇ. "ಶಾಲ್ಯಾಗ ಅದಾಳ್ರಿ, ಕರಕೊಂಡು ಬರ್ತೀನಿ" ಎಂದು ಈರಪ್ಪ ಹೋದ. ಕಾಯುತ್ತಾ ನಿಲ್ಲುವುದೇಕೆ ಎಂದು ನಾನು ಕೊಡೆ ಹಿಡಿದು ಮನೆಯ ಹಿಂದಕ್ಕೆ ಹೋದೆ. ಅಲ್ಲಿ ಹೊಳೆಯ ಕಡೆಗೆ ಒಂದೇ ಉದ್ದನೆಯ ಗೋಡೆ. ಕಿಟಕಿಯಿಲ್ಲ, ಬಾಗಿಲಿಲ್ಲ. ಬಿಸಿಲು ನೇರ ಬೀಳುತ್ತಿತ್ತು, ಹೊಳೆಯ ಗಾಳಿಯೂ ಇತ್ತು. ನೀರು ಏರಿದ ಗೆರೆ ಮಾತ್ರ ಕಾಣುತ್ತಿತ್ತು. ಉಳಿದಂತೆ ಗೋಡೆ ಬೆಳ್ಳಗೆ ಒಣಗಿ ನೆಟ್ಟಗೆ ನಿಂತಿತ್ತು.

ನಾನು ಗೋಡೆಯ ಪಕ್ಕ ನಡೆಯತೊಡಗಿದೆ. ನಾಲ್ಕು ಹೆಜ್ಜೆ ಇಟ್ಟಿರಬಹುದು, ಒಳಗಿನಿಂದ ಯಾರೋ ಗೋಡೆ ಬಡಿದರು. ಟಕ್. ನಾನು ಮುಂದೆ ಹೋದೆ. ಆ ಸದ್ದೂ ಮುಂದೆ ಬಂತು. ನಿಂತರೆ ನಿಲ್ಲುತ್ತಿತ್ತು, ನಡೆದರೆ ನನ್ನ ಸೊಂಟದ ಎತ್ತರದಲ್ಲಿ, ನನ್ನ ಪಕ್ಕದಲ್ಲೇ ಬರುತ್ತಿತ್ತು. ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಮನೆಯವರು ಒಳಗೇ ಇದ್ದಾರೆ, ನಾನು ಬಂದದ್ದು ಕಂಡು ಗೋಡೆ ಹಸಿ ಇದೆ ಎಂದು ತೋರಿಸಲು ನಾಟಕ ಹೂಡಿದ್ದಾರೆ ಎಂದುಕೊಂಡೆ. ಗೋಡೆಯ ಕೊನೆಯ ಮೂಲೆ ಹತ್ತಿರ ಬಂದಾಗ ಸದ್ದು ಬದಲಾಯಿತು. ದಬ್. ಮತ್ತೆ ಅದೇ ಜಾಗದಲ್ಲಿ, ದಬ್. ನಾನು ಸಿಟ್ಟಿನಿಂದ ಕೊಡೆಯ ಹಿಡಿಯನ್ನು ತಿರುಗಿಸಿ ಆ ಜಾಗಕ್ಕೆ ಒಂದು ಏಟು ಹಾಕಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನಿಂದ ಒಂದೇ ಒಂದು ಏಟು, ನಾನು ಹೊಡೆದಲ್ಲಿಗೇ ಸರಿಯಾಗಿ, ಉತ್ತರ ಕೊಟ್ಟಂತೆ ಬಂತು. ಅಲ್ಲಿಗೆ ನಿಂತಿತು.

ಬೈಯಬೇಕೆಂದು ಮುಂದಕ್ಕೆ ಬಂದರೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೀಗದ ಮೇಲೆ ಹೊಳೆಯ ಕೆಸರು ಒಣಗಿ ಹಾಗೇ ಇತ್ತು, ಯಾರ ಕೈಯೂ ತಾಗಿರಲಿಲ್ಲ. ಇದ್ದ ಒಂದೇ ಕಿಟಕಿಯ ಸಂದಿಗೆ ಕಣ್ಣು ಹಚ್ಚಿದೆ. ಕತ್ತಲೆ. ಕೊಳೆತ ಭತ್ತದ ವಾಸನೆ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಈರಪ್ಪನ ಹಿಂದೆ ಮುದುಕಿಯೊಬ್ಬಳು ಏದುಸಿರು ಬಿಡುತ್ತಾ ಬರುವುದು ಕಂಡಿತು. ಕೀಲಿ ಆಕೆಯ ಸೆರಗಿನ ಗಂಟಿನಲ್ಲಿತ್ತು.

"ಒಳಗ ಯಾರದಾರ" ಎಂದೆ.

"ನೀರು ಬಂದಾಗಿಂದ ಬೀಗ ತಗದಿಲ್ರೀ ಯಪ್ಪಾ" ಎಂದಳು ಹುಲಿಗೆವ್ವ. "ಇಲಿನೂ ಇರಾಕಿಲ್ಲ. ಅವಕ್ಕ ನಮಗಿಂತ ಬುದ್ಧಿ ಜಾಸ್ತಿ, ನೀರಿಗಿಂತ ಮುಂಚೇನ ಹೋಗ್ಯಾವ."

ಈರಪ್ಪ ನಕ್ಕ. ಹಿತ್ತಲ ಬಾಗಿಲು ಇದೆಯೇ ಎಂದು ಕೇಳಿದೆ. ಇರಲಿಲ್ಲ.

"ಕೀಲಿ ತಗೀತೀನಿ, ಒಳಗ ಬರ್ರಿ" ಎಂದು ಆಕೆ ಗಂಟು ಬಿಚ್ಚತೊಡಗಿದಳು. "ಬಿಸ್ಲಿಗೆ ಹೊರಗಿನ ಮಾರಿ ಒಣಗೈತಿ. ಒಳಗಿನ ಸುದ್ದಿ ಬ್ಯಾರೆ ಇರ್ತೈತಿ. ನಾ ಕಲ್ಲು ಹಿಡಿದು ಬಡದು ತೋರಿಸ್ತೀನಿ, ನೀವು ಕೇಳ್ರಿ ಸಾಕು."

ನಾನು ಒಳಗೆ ಹೋಗಲಿಲ್ಲ. ಪುರಸೊತ್ತಿಲ್ಲದೆ ಅಲ್ಲ, ಸೊಕ್ಕಿನಿಂದಲೂ ಅಲ್ಲ. ಹೆದರಿದೆ. ಆ ಬಾಗಿಲು ತೆರೆದರೆ ಕತ್ತಲೆಯಲ್ಲಿ ಏನು ನಿಂತಿರುತ್ತದೋ ಎನ್ನುವ ಹೆದರಿಕೆ. ನಿಂಬೆಹಣ್ಣಿಗೆ ನಕ್ಕ ಮನುಷ್ಯ ತಳವಾರನ ಮುಂದೆ ಅದನ್ನು ಹೇಳುವುದು ಹೇಗೆ. "ಬ್ಯಾಡವ್ವ, ಹೊರಗಿಂದs ನನಗ ತಿಳಿತೈತಿ. ಗ್ವಾಡಿ ಒಣಗೈತಿ" ಎಂದೆ. ಇಂಟು ಗುರುತು ಹಾಕಿ ಹೋಗಬಹುದಿತ್ತು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಅದನ್ನೇ ಯೋಚಿಸಿದೆ. ಆದರೆ ಕಾರಣ ಏನು ಹೇಳಲಿ? ಬೀಗ ಹಾಕಿದ ಮನೆಯೊಳಗೆ ಗೋಡೆ ಬಡಿದರು, ಮೂಲೆಯಲ್ಲಿ ದಬ್ ಎಂದಿತು ಎನ್ನಲೇ? "ಗ್ವಾಡಿ ನೆಟ್ಟಗ ಐತಲ್ರಿ" ಎಂದು ಈರಪ್ಪ ಆಗಲೇ ಹೇಳುತ್ತಿದ್ದ. ನಾನು ಸರಿ ಗುರುತು ಎಳೆದೆ. ಹುಲಿಗೆವ್ವ ನನ್ನ ಮುಖವನ್ನು ನೋಡಿದಳು. "ನೀವು ತಿಳದೋರು" ಎಂದು ಕೀಲಿಯನ್ನು ತಿರುಗಿ ಗಂಟು ಹಾಕಿಕೊಂಡಳು. ಆ ಸಂಜೆಯೇ ತಾಯಿ ಮಗ ಮನೆಗೆ ಬಂದರಂತೆ.

ಟಿ.ಬಿ. ಡ್ಯಾಂನ ನನ್ನ ಮನೆಗೆ ಬಂದ ಮೇಲೂ ಆ ಸದ್ದು ಕಿವಿಯಿಂದ ಹೋಗಲಿಲ್ಲ. ದೆವ್ವವೋ ಭ್ರಮೆಯೋ ಅದು ಹಾಗಿರಲಿ, ಆ ಮೂಲೆ ಹಸಿ ಇದ್ದದ್ದು ನನಗೆ ಗೊತ್ತಿತ್ತು. ನಾನೇ ಕೊಡೆಯಲ್ಲಿ ಬಡಿದಾಗ ಕೈಗೆ ಬಂದ ಪೆಟ್ಟು ಒಣ ಗೋಡೆಯದಾಗಿರಲಿಲ್ಲ. ಒಂದೆರಡು ದಿನ ಊಟ ಸೇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ, ಗುರುತು ಅಳಿಸಿ ಬರುತ್ತೇನೆ ಎಂದು ಬಸ್ಸು ಹತ್ತಿದೆ. ಕಂಪ್ಲಿಯಲ್ಲಿ ಇಳಿದು ಆ ಊರಿನ ಆಟೋ ಹಿಡಿಯಬೇಕು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ಕೂತೆ. ಏನು ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಯಾವ ಮಾತು ಜೋಡಿಸಿದರೂ ನಾನು ಮೊದಲು ಸುಳ್ಳು ಹೇಳಿದ್ದೆ ಎಂಬುದು ಅದರಲ್ಲಿ ಎದ್ದು ಕಾಣುತ್ತಿತ್ತು. ಇನ್ನೊಂದು ಚಹಾ ಕುಡಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೊಸಪೇಟೆಯ ಬಸ್ಸು ಬಂದು ನಿಂತಿತು. ಅದನ್ನೇ ಹತ್ತಿ ವಾಪಸ್ಸು ಬಂದೆ.

ಆ ಸಂಜೆ ಈರಪ್ಪ ಫೋನು ಮಾಡಿದ. ಮಧ್ಯಾಹ್ನ ಹುಲಿಗೆವ್ವನ ಮನೆಯ ಹೊಳೆ ಕಡೆಯ ಗೋಡೆ ಬಿದ್ದಿತ್ತು. ಮಗ ಬಾಗಿಲ ಹತ್ತಿರ ಇದ್ದು ಉಳಿದುಕೊಂಡ. ಮುದುಕಿ ಉಳಿಯಲಿಲ್ಲ.

ವಿಚಾರಣೆಗೆ ಬಂದವರು ನನ್ನನ್ನು ಕೇಳಿದ್ದು ಎರಡೇ ಮಾತು. ಒಳಗೆ ಹೋಗಿ ನೋಡಿದ್ದಿರಾ? ನೋಡಿದ್ದೆ ಎಂದೆ. ಒಳಗೂ ಒಣಗಿತ್ತಾ? ಒಣಗಿತ್ತು ಎಂದೆ. ಗೋಡೆ ಒಣಗಿತ್ತು ಎಂದಾದ ಮೇಲೆ ಅದು ಬೀಳಲು ಬೇರೆ ಕಾರಣ ಬೇಕಾಯಿತು. ಮನೆಗೆ ಬಂದ ದಿನ ಹಂಪಣ್ಣ ಭತ್ತದ ಚೀಲಗಳನ್ನು ತಂದು ಆ ಗೋಡೆಗೆ ಒರಗಿಸಿ ಪೇರಿಸಿದ್ದ. ಆ ಭಾರಕ್ಕೆ ಬಿತ್ತು ಎಂದು ತೀರ್ಮಾನವಾಯಿತು. ಹಂಪಣ್ಣ ತಲೆ ಬೋಳಿಸಿಕೊಂಡು ಅಲ್ಲೇ ನಿಂತಿದ್ದ. ಚೀಲ ಪೇರಿಸಿದ್ದು ಹೌದಾ ಎಂದು ಕೇಳಿದಾಗ ಹೌದು ಎಂದು ತಲೆಯಾಡಿಸಿದ. ನಾನು ಸುಮ್ಮನೆ ನಿಂತಿದ್ದೆ. ಎಲ್ಲ ಮುಗಿದು ಹೊರಡುವಾಗ ಈರಪ್ಪ ನನ್ನ ಮೊಪೆಡ್‌ನ ತನಕ ಬಂದ. "ನನ್ನ ಕೇಳಲಿಲ್ಲ, ನಾ ಹೇಳಲಿಲ್ಲ" ಎಂದ. "ಇನ್ನ ಮ್ಯಾಲೆ ನಮ್ಮೂರಾಗ ನೀರು ಸೈತ ಕುಡಿಬ್ಯಾಡ್ರಿ ಸಾಹೇಬ್ರ."

ಅಂದಾಜಿನ ಕೆಲಸ ಬಿಟ್ಟೆ. ಕಣ್ಣು ಮಂಜಾಗಿದೆ ಎಂದು ಎಂಜಿನಿಯರಿಗೆ ಹೇಳಿದೆ. ವರ್ಷಗಳು ಹೋದವು. ಹೆಂಡತಿಯೂ ಹೋದಳು. ಆಕೆಗೂ ನಾನು ಇದನ್ನು ಹೇಳಿರಲಿಲ್ಲ. ಹೋದ ವರ್ಷ ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಈರಪ್ಪ ಎದುರಾದ. ಮುಖ ತಿರುಗಿಸಿಕೊಂಡು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ಹಂಪಣ್ಣ ಊರು ಬಿಟ್ಟು ಕಮಲಾಪುರದ ಬಾಳೆ ತೋಟಗಳಲ್ಲಿ ಗೊನೆ ಇಳಿಸುವ ಕೆಲಸಕ್ಕಿದ್ದಾನಂತೆ. ಮದುವೆ ಆಗಿಲ್ಲ. ಯಾರು ಹೆಣ್ಣು ಕೊಡಲು ಬಂದರೂ ತಾಯಿನ ತಿಂದವಗ ಯಾಕ ಕೊಡ್ತೀರಿ ಎಂದು ತಾನೇ ಹೇಳಿ ಕಳಿಸುತ್ತಾನಂತೆ. "ನಾವಿಬ್ಬರೂ ಸಾಯೂತನಕ ಆತ ಹಂಗs ಅನಕೋತ ಇರಬೇಕೇನು?" ಎಂದು ಈರಪ್ಪ ಕೇಳಿದ.

ಮರುದಿನವೇ ಕಮಲಾಪುರಕ್ಕೆ ಹೋದೆ. ತೋಟದ ಬದಿಯಲ್ಲಿ ಒಂದು ತಗಡಿನ ಶೆಡ್ಡು. ಸುತ್ತಲೂ ಸೀರೆ, ಗೋಣಿಚೀಲ ಕಟ್ಟಿದ್ದ, ಗೋಡೆ ಎಂಬುದು ಒಂದೂ ಇರಲಿಲ್ಲ. ಹಂಪಣ್ಣನ ಕೂದಲು ಆಗಲೇ ನರೆತಿತ್ತು. ನನ್ನ ಗುರುತು ಹಿಡಿದ. ಏನೂ ಕೇಳದೆ ಗೋಣಿಚೀಲ ಹಾಸಿ, "ಕುಂದ್ರಿ" ಎಂದ. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನಿಸಿತು. ಗೋಡೆ ಹಸಿ ಇತ್ತು, ನಾನು ಒಳಗೆ ಕಾಲಿಟ್ಟಿರಲಿಲ್ಲ, ವಿಚಾರಣೆಯಲ್ಲಿ ಹೇಳಿದ್ದೆಲ್ಲ ಸುಳ್ಳು, ನಿನ್ನ ಚೀಲದಿಂದ ನಿನ್ನ ತಾಯಿ ಸಾಯಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಒಳಗಿನಿಂದ ಸದ್ದು ಕೇಳಿದ್ದನ್ನು ಹೇಳಲಿಲ್ಲ. ಅದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂದು ಬಿಟ್ಟೆ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಗೊನೆ ಕಡಿಯುವ ಕತ್ತಿಯನ್ನು ನೆಲಕ್ಕೆ ಉಜ್ಜುತ್ತಾ ಕೂತ. ಆಮೇಲೆ, "ಗ್ವಾಡಿ ಹಸಿ ಇದ್ದದ್ದು ಅವ್ವಗ ಗೊತ್ತಿತ್ರಿ. ಸಾಹೇಬ್ರು ಒಣಗೈತಿ ಅಂದಾರಲ್ಲ ಅಂತ ನಾನs ಜಬರ್ದಸ್ತಿ ಮಾಡಿ ಚೀಲ ಒರಗಿಸಿದೆ" ಎಂದ. ಕತ್ತಿ ಕೆಳಗಿಟ್ಟು, "ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಅವತ್ತು ಗ್ವಾಡಿ ಬಿದ್ದ ಕೂಡ್ಲೇ ನೀವು ಹೆದರಿ ಓಡಿ ಹೋದ್ರೇನು?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ. ಎಲ್ಲಿಂದ ಎಂದು ಕೇಳಿದೆ.

"ಹಿಂದಿಂದ್ರಿ. ಹೊಳಿ ಕಡಿಂದ." ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಆ ಮಧ್ಯಾಹ್ನ ಅವನು ಉಂಡು ಬಾಗಿಲ ಹತ್ತಿರ ಕೈ ತೊಳೆಯುತ್ತಿದ್ದ. ಹೊಳೆ ಕಡೆಯ ಗೋಡೆಯ ಆಚೆ ಯಾರೋ ಹೆಜ್ಜೆ ಹಾಕಿದ ಸದ್ದಾಯಿತು. ಹುಲಿಗೆವ್ವನೂ ಕೇಳಿಸಿಕೊಂಡಳು. "ಆ ಸಾಹೇಬ್ರು ತಿರುಗಿ ಬಂದಾರ ನೋಡು. ಅವತ್ತು ಅವ್ರಿಗೆ ಸಮಾಧಾನ ಆಗಿದ್ದಿಲ್ಲ, ಮಾರಿ ನೋಡಿದ್ರ ತಿಳೀತಿತ್ತು. ಪಾಪ, ಬಿಸ್ಲಾಗ ಬಂದಾರ, ಚಾಕ್ಕ ಇಡು" ಎಂದಳು. ತಾನು ಹೊಳೆಗಲ್ಲು ತೆಗೆದುಕೊಂಡು ಎದ್ದಳು. ಎಲ್ಲಿ ಹಸಿ ಇದೆ ಎಂದು ಅವರಿಗೆ ಒಳಗಿನಿಂದಲೇ ತೋರಿಸುತ್ತೇನೆ ಎಂದು ಚೀಲಗಳ ಮೇಲಿಂದ ಕೈ ಚಾಚಿ ಗೋಡೆ ಬಡಿಯುತ್ತಾ ಹೊರಟಳು. ಹೊರಗಿನ ಹೆಜ್ಜೆ ನಿಂತರೆ ಆಕೆಯೂ ನಿಲ್ಲುತ್ತಿದ್ದಳು. ಮೂಲೆಗೆ ಹೋದಾಗ ದಬ್ ಎಂದಿತು. "ಇಲ್ಲೈತ್ರೀ" ಎಂದು ಕೂಗಿ ಮತ್ತೊಮ್ಮೆ ಬಡಿದಳು. ಆಗ ಹೊರಗಿನಿಂದ ಒಂದು ಏಟು ಬಿತ್ತು. ಆಕೆಗೆ ಖುಷಿಯಾಯಿತು. "ಕೇಳಿಸ್ತು ಅವ್ರಿಗೆ" ಎಂದು ಮಗನ ಕಡೆ ತಿರುಗಿ ನಕ್ಕು, ಅದೇ ಜಾಗಕ್ಕೆ ಇನ್ನೊಂದು ಏಟು ಹಾಕಿದಳು. ಗೋಡೆ ಒಳಕ್ಕೆ ಬಂತು.

ಅವನು ಹಾಸಿದ ಚೀಲದ ಮೇಲೆ ಕೂತೆ. ಆಗ ಒಳಗಿನ ಸದ್ದಿನ ವಿಷಯವನ್ನೂ ಹೇಳಿದೆ. ಬೀಗ ಹಾಕಿದ ಮನೆ, ನನ್ನ ಕೊಡೆಯ ಏಟು, ಅದಕ್ಕೆ ಬಂದ ಉತ್ತರ, ಎಲ್ಲ. ಗೋಡೆ ಬಿದ್ದ ಹೊತ್ತಿಗೆ ನಾನು ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ, ಅಲ್ಲಿಂದಲೇ ತಿರುಗಿ ಬಂದೆ, ಆ ಓಣಿಗೆ ಬರಲೇ ಇಲ್ಲ ಎಂದೂ ಹೇಳಿದೆ.

ಆಮೇಲೆ ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ನನ್ನ ಕಿವಿಗೆ ಬಿದ್ದದ್ದು ಆಕೆ ಮುಂದೊಂದು ದಿನ ಬಡಿಯಬೇಕಾಗಿದ್ದ ಏಟುಗಳೇ ಆಗಿದ್ದರೆ, ಆಕೆ ಸಾಯುವ ದಿನ ಗೋಡೆಯ ಆಚೆ ನಡೆದವರು ಯಾರು? ನಾನು ಬರಬೇಕಾಗಿತ್ತು. ಬರಲಿಲ್ಲ. ಆದರೂ ಆಕೆಗೆ ನಾನು ಬಂದಂತೆ ಕೇಳಿಸಿತು. ತಿಳಿದವರು ಏನಾದರೂ ಅರ್ಥ ಹೇಳಬಹುದು. ನನಗೆ ತಿಳಿಯುವುದಿಲ್ಲ.

ಕತ್ತಲಾಗುತ್ತಿತ್ತು. ಹಂಪಣ್ಣ ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ. ಕ್ಷಮಿಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಅವನೂ ಆ ಮಾತು ಎತ್ತಲಿಲ್ಲ. ಬಸ್ಸಿನ ದೀಪ ಕಂಡಾಗ ಮಾತ್ರ ನನ್ನ ಕಡೆ ತಿರುಗಿದ.

"ಹಂಗಾದ್ರ ನಮ್ಮವ್ವ ಯಾರಿಗೆ ತೋರಸಾಕ ಹೋಗಿದ್ಲು?" ಎಂದ.